ತ್ರೋಬಾಲ್ ಪಂದ್ಯವೂ ಅವ್ವನ ಎಡೆಯೂ

ಬೆಳ್ತಂಗಡಿಗೆ ಬಂದ ಎರಡನೇ ವಾರ ನನ್ನ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯಿತು. ಸಿಂದಗಿಯಲ್ಲಿ ಅದೇ ಜೋಡು ಬಿಸಿಲಿಗೆ ಬಿರಿಯುತ್ತಿತ್ತು. ಹೆಂಡತಿ ತೀರಿಕೊಂಡ ಮರುತಿಂಗಳೇ ವರ್ಗಾವಣೆಯಾಗಿ, ಹದಿನಾಲ್ಕರ ಮಗಳು ನೀಲಾಳನ್ನು ಕರೆದುಕೊಂಡು ಬಂದ ಸರ್ಕಾರಿ ಶಾಲೆಯ ಮಾಸ್ತರ ನಾನು.

ಇಲ್ಲಿ ಕನ್ನಡ ಶಾಲೆಯೊಳಗೆ, ತುಳು ಬೀದಿಯಲ್ಲಿ. ನಾನು ವರ್ಷವಾದರೂ ಮೀನಿನವಳ ಲೆಕ್ಕಕ್ಕೆ ಅರ್ಥವಾಗದೆ ತಲೆಯಾಡಿಸುತ್ತೇನೆ. ನೀಲಾ ಮೂರೇ ತಿಂಗಳಲ್ಲಿ ತುಳುವಿನಲ್ಲಿ ಜಗಳವಾಡಿದಳು. ಅವಳ ಬದುಕಿನ ಮುಖ್ಯ ಸಂಗತಿಗಳು ನನಗೆ ಬಾಯಿಪಾಠ: ಸಾಕ್ಸು ಕಾಲಿನ ಗಂಟು ದಾಟಬಾರದು, ತಲೆಯಲ್ಲಿ ಎಣ್ಣೆ ಕಾಣಬಾರದು, ಬಸ್ ಸ್ಟಾಪಿನಲ್ಲಿ ಅಪ್ಪ ಗುರುತಿಲ್ಲದವನ ಹಾಗೆ ನಿಲ್ಲಬೇಕು.

"ಅಲ್ಲಿ ನನ್ನ ಹೆಸರು ಕೂಗ್ಬೇಡಿ ಮಾರಾಯ್ರೆ" ಎಂದಳು ಒಮ್ಮೆ. ಹೆತ್ತ ಮಗಳಿಂದ ಬಹುವಚನ ಸಿಕ್ಕಿದ್ದಕ್ಕೆ ನಗು ಬಂತು. ಅವ್ವನ ಮಾತನ್ನು ಮಾತ್ರ ಅವಳು ಎತ್ತುತ್ತಿರಲಿಲ್ಲ. ಮರೆತೇಬಿಟ್ಟಳೇ ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ವರ್ಷದ ತಿಥಿ ಬಂತು. ಊರಿಗೆ ಹೊರಡು ಎಂದೆ.

"ಅವತ್ತು ತ್ರೋಬಾಲ್ ಮ್ಯಾಚ್ ಉಂಟು. ನಾನಿಲ್ಲದಿದ್ರೆ ಏಳು ಜನ ಆಗುದಿಲ್ಲ."

"ಅವ್ವಗಿಂತ ಚೆಂಡು ದೊಡ್ಡದಾತೇನು ನಿನಗ?"

ಅವಳು ನೆಲ ನೋಡಿದಳು. "ಅಲ್ಲಿ ಎಲ್ಲರೂ ನನ್ನ ಮುಖ ನೋಡಿ ಅಳ್ತಾರೆ. ನಾನು ಬರುದಿಲ್ಲ."

ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ? ಬರಲಾಗುವುದಿಲ್ಲ ಎಂದು ತಮ್ಮನಿಗೆ ಫೋನು ಮಾಡಿದೆ. ಎರಡು ದಿನ ಅವಳೊಂದಿಗೆ ಮಾತು ಬಿಟ್ಟೆ.

ತಿಥಿಯ ದಿನ ಸಂಜೆ ಶಾಲೆಯಿಂದ ಬಂದಾಗ ನೀಲಾ ಜೆರ್ಸಿಯಲ್ಲೇ ಒಲೆಯ ಮುಂದಿದ್ದಳು. ಪಂದ್ಯ ಸೋತಿದ್ದರು. ಮೊಣಕೈವರೆಗೆ ಜೋಳದ ಹಿಟ್ಟು. ಬಡಿದ ರೊಟ್ಟಿಗಳೆಲ್ಲ ಹರಿದಿದ್ದವು. ಪಕ್ಕದಲ್ಲಿ ನಮ್ಮ ಬಾಡಿಗೆ ಮನೆಯ ಯಜಮಾನಿ ಲಲಿತಕ್ಕ ಬಾಳೆಎಲೆ ತೊಳೆಯುತ್ತಿದ್ದರು. ಇಲ್ಲಿ ಆಟಿ ಎಂಬ ಈ ಮಳೆಗಾಲದ ತಿಂಗಳಲ್ಲಿ, ತೀರಿಹೋದವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತಾರೆ.

"ಒಂದು ವಾರದಿಂದ ಕೇಳ್ತಾ ಉಂಟು ಮಗು, ಹೇಗೆ ಬಡಿಸುದು ಅಂತ. ನಿಮಗೆ ಹೇಳ್ಬೇಡಿ ಅಂದಿತ್ತು ಮಾಷ್ಟ್ರೆ" ಎಂದರು ಲಲಿತಕ್ಕ.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನೀಲಾ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಬಾಗಿಲು ಎಳೆದಳು. ಮೂವರೂ ಜಗಲಿಯಲ್ಲಿ ನಿಂತೆವು.

ಸ್ವಲ್ಪ ಹೊತ್ತಾದ ಮೇಲೆ ಅವಳು ನನ್ನ ಅಂಗಿ ಹಿಡಿದಳು. ವರ್ಷದಿಂದ ಅವಳ ಬಾಯಲ್ಲಿ ಕೇಳದಿದ್ದ ನಮ್ಮೂರ ಮಾತಿನಲ್ಲಿ ಕೇಳಿದಳು: "ಅಪ್ಪಾ, ಅವ್ವ ಈ ಮನಿ ನೋಡೇ ಇಲ್ಲ. ಆಕಿಗೆ ದಾರಿ ಹೆಂಗ ಗೊತ್ತಾಗತೈತಿ?"

"ನೀ ಇಲ್ಲೇ ಅದೀಯಲ್ಲವ್ವಾ, ಹುಡುಕ್ಕೊಂತ ಬರ್ತಾಳ" ಎಂದೆ.

ಹೇಳಿದೆನೇ ಹೊರತು ನನಗೇ ನಂಬಿಕೆ ಬರಲಿಲ್ಲ. ಅದೇ ಹೊತ್ತಿಗೆ ಸಿಂದಗಿಯಲ್ಲಿ, ಅವಳ ಅವ್ವನಿಗೆ ದಾರಿ ಗೊತ್ತಿದ್ದ ಮನೆಯಲ್ಲಿ, ತಮ್ಮನೂ ಎಡೆಯಿಟ್ಟು ಕಾಯುತ್ತಿದ್ದ.