ಪಕ್ಕದ ಹಾಸಿಗೆಯವರ ಸಕ್ಕರೆ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು ನನ್ನ ಕೆಲಸ. ಇಪ್ಪತ್ತು ವರ್ಷ ದಾಟಿತು. ಬಾಗಿಲು ಹಾಕಿದ್ದ ಮನೆಯಲ್ಲಿ ಮೀಟರ್ ಹೇಗೆ ಓಡಿತು ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಉರಿಸದೆ ಮೀಟರ್ ಓಡುವುದಿಲ್ಲ, ಯಾರೋ ಉರಿಸಿದ್ದಾರೆ. ದೆವ್ವ, ಮಾಟ, ದೃಷ್ಟಿ ಎಲ್ಲವನ್ನೂ ನಾನು ಆ ಒಂದೇ ಉತ್ತರದಿಂದ ತಳ್ಳಿಹಾಕುತ್ತಿದ್ದೆ. ಮೂರು ವರ್ಷದ ಹಿಂದೆ ತಿ. ನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಆದದ್ದಕ್ಕೆ ಮಾತ್ರ ಆ ಉತ್ತರ ಸಾಲುತ್ತಿಲ್ಲ. ಅಲ್ಲಿ ಉರಿಸಿದವನು ನಾನು. ಓಡಿದ ಮೀಟರ್ ಬೇರೆಯವರದು.

ನಮ್ಮ ಮನೆ ನಂಜನಗೂಡಿನಲ್ಲಿ. ಆಗ ನನಗೆ ನರಸೀಪುರದ ಕಡೆ ಡ್ಯೂಟಿ ಇತ್ತು. ಬೆನ್ನ ಮೇಲೆ ಎದ್ದ ಕುರುವೊಂದು ಕೀವು ತುಂಬಿ, ಕೆಲಸದ ಮಧ್ಯೆಯೇ ಚಳಿಜ್ವರ ಬಂತು. ಡಾಕ್ಟರು ಅದನ್ನು ಕೊಯ್ದು ತೊಳೆದರು. ರಕ್ತದ ಸಕ್ಕರೆ ಮುನ್ನೂರರ ಹತ್ತಿರ ಇದ್ದದ್ದರಿಂದ ಮೂರು ದಿನ ಇಲ್ಲೇ ಇರಿ ಎಂದರು. ನನಗೆ ಕೊಟ್ಟದ್ದು ಇಬ್ಬರ ಕೋಣೆ. ಪಕ್ಕದ ಹಾಸಿಗೆಯಲ್ಲಿದ್ದವರು ಮುಡುಕುತೊರೆ ಕಡೆಯ ಪುಟ್ಟಮಾದಯ್ಯ, ಅರವತ್ತು ದಾಟಿದ ಗಾರೆ ಕೆಲಸದವರು. ಅವರಿಗೂ ಸಕ್ಕರೆ ಕಾಯಿಲೆ. ಹಲಗೆಯ ಮೊಳೆ ಚುಚ್ಚಿದ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಬೆರಳು ತೆಗೆಯಬೇಕು, ಆದರೆ ಸಕ್ಕರೆ ಇನ್ನೂರಕ್ಕೆ ಇಳಿಯದೆ ಮುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವರ ಹೆಂಡತಿ ದೇವಮ್ಮ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಅಲ್ಲೇ ಇದ್ದರು.

ನಮ್ಮಿಬ್ಬರಿಗೂ ಒಂದೇ ಪಥ್ಯ. ಅನ್ನ ಇಲ್ಲ, ಮುದ್ದೆ ಇಲ್ಲ, ಚಪಾತಿ, ಹಣ್ಣು, ಸಿಹಿ ಯಾವುದೂ ಇಲ್ಲ. ಮೊಟ್ಟೆ, ಸೊಪ್ಪಿನ ಪಲ್ಯ, ಮೊಳಕೆ ಕಾಳು, ಸೌತೆಕಾಯಿ, ನೀರು ಮಜ್ಜಿಗೆ. ನನ್ನ ಹೆಂಡತಿ ಸುಧಾ ನಸುಕಿಗೇ ಎದ್ದು ಇಷ್ಟನ್ನೂ ಮಾಡಿ, ನಂಜನಗೂಡಿನಿಂದ ಬೆಳಗಿನ ಬಸ್ಸಿಗೆ ಡಬ್ಬಿ ತಂದುಕೊಟ್ಟು, ಅವಳು ಪಾಠ ಮಾಡುವ ಶಾಲೆಗೆ ವಾಪಸ್ಸು ಓಡುತ್ತಿದ್ದಳು. ನಾನು ಡಬ್ಬಿಯದನ್ನೂ ತಿಂದೆ, ಅದರ ಮೇಲೆ ಇನ್ನೂ ತಿಂದೆ. ಊಟವಾದ ಮೇಲೆ ಸ್ವಲ್ಪ ಓಡಾಡಿ ಎಂದು ಡಾಕ್ಟರೇ ಹೇಳಿದ್ದರು. ಓಡಾಡುವ ನೆಪದಲ್ಲಿ ಮೊದಲ ದಿನ ಹಿಂದಿನ ರಸ್ತೆಯ ಅಂಗಡಿಗೆ ಹೋಗಿ ಎರಡು ರಸಬಾಳೆ ತಿಂದು, ಬಾಯಿ ಮುಕ್ಕಳಿಸಿ ಬಂದು ಮಲಗಿದೆ. ಎರಡೇ ಹಣ್ಣು ಏನು ಮಾಡೀತು ಎಂದುಕೊಂಡೆ.

ಎರಡು ಗಂಟೆಗೆ ನರ್ಸ್ ಬಂದು ನಮ್ಮಿಬ್ಬರ ಬೆರಳು ಚುಚ್ಚಿದಳು. ನನ್ನದು ನೂರ ನಲವತ್ತು. ನನಗೇ ಆಶ್ಚರ್ಯವಾಯಿತು. ಪುಟ್ಟಮಾದಯ್ಯನವರದು ಬೆಳಿಗ್ಗೆ ಇನ್ನೂರ ಇಪ್ಪತ್ತಿದ್ದದ್ದು ಮುನ್ನೂರ ಹತ್ತಾಗಿತ್ತು. ಅವರು ಕಣ್ಣು ಮುಚ್ಚಿಕೊಂಡೇ ಹೆಂಡತಿಗೆ, "ಬಾಯೆಲ್ಲ ಬಾಳೆಅಣ್ಣು ತಿಂದಂಗದೆ ಕಣಮ್ಮಿ," ಎಂದರು. ನನ್ನ ಕೈಯ ವಾಸನೆ ಬಡಿದಿರಬೇಕು ಎಂದು ನಾನು ಗೋಡೆಯ ಕಡೆ ತಿರುಗಿದೆ.

ಮಾರನೇ ದಿನ ಬಸ್ ಸ್ಟ್ಯಾಂಡಿನ ಕಡೆ ನಡೆದು ಮಸಾಲೆ ದೋಸೆ ತಿಂದು ಸಕ್ಕರೆ ಹಾಕಿದ ಕಾಫಿ ಕುಡಿದೆ. ಈ ಸಲ ಸೋಪು ಹಚ್ಚಿ ಕೈ ತೊಳೆದೆ. ಬಂದು ನೋಡಿದರೆ ದೇವಮ್ಮ ಮೊಟ್ಟೆ ಬಿಡಿಸಿಕೊಂಡು ಗಂಡನನ್ನು ಬೇಡುತ್ತಿದ್ದರು. ಅವರು ಹೊಟ್ಟೆ ತುಂಬಿದೆ, ದೋಸೆ ತಿಂದ ಹಾಗಿದೆ, ಏನೂ ಬೇಡ ಎನ್ನುತ್ತಿದ್ದರು. ಅವರ ಸಕ್ಕರೆ ಮುನ್ನೂರ ಅರವತ್ತು. ನನ್ನದು ನೂರ ಇಪ್ಪತ್ತೆಂಟು. ಮಿಷನ್ ಕೆಟ್ಟಿರಬೇಕೆಂದು ನರ್ಸ್ ಕೆಳಗಿನಿಂದ ಇನ್ನೊಂದನ್ನು ತಂದಳು. ಅದೂ ಅಷ್ಟೇ ತೋರಿಸಿತು. ಆಮೇಲೆ ನಮ್ಮಿಬ್ಬರ ತೋಳಿನಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ಸೀಸೆಗಳ ಮೇಲೆ ನಮ್ಮ ಹೆಸರು ಬರೆದದ್ದನ್ನು ನಾನು ಕಣ್ಣಾರೆ ನೋಡಿದೆ. ಅಲ್ಲಿಂದಲೂ ಅದೇ ಅಂಕಿ ಬಂತು.

ಆಗ ಎಲ್ಲರೂ ದೇವಮ್ಮನ ಮೇಲೆ ಬಿದ್ದರು. ಅವರ ಮಗ ಶಿವು, ಗೂಡ್ಸ್ ಆಟೋ ಓಡಿಸುವವನು, ಆಗತಾನೆ ಬಂದಿದ್ದ. ನರ್ಸ್ ಆ ಹೆಂಗಸಿನ ಚೀಲವನ್ನು ಚಾಪೆಯ ಮೇಲೆ ಸುರಿದಳು. ಒಂದು ಸೀರೆ, ಬಾಚಣಿಗೆ, ಅವರು ತಮಗೆಂದು ಇಟ್ಟುಕೊಂಡಿದ್ದ ಒಂದು ಪೊಟ್ಟಣ ಕಡ್ಲೆಪುರಿ. ಆ ಪುರಿಯೇ ಸಾಕ್ಷಿಯಾಯಿತು. "ಅಪ್ಪನ್ನ ನೀನೇ ತಿನ್ಸಿ ತಿನ್ಸಿ ಕೊಲ್ತಿದ್ದೀಯ," ಎಂದ ಮಗ. ದೇವಮ್ಮ ಗಂಡನ ಹಾಸಿಗೆ ಮುಟ್ಟಿ ಆಣೆ ಇಟ್ಟರು. ಡಾಕ್ಟರು ರೌಂಡ್ಸಿಗೆ ಬಂದವರು ನನ್ನ ಚಾರ್ಟ್ ಎತ್ತಿ ಆಕೆಗೆ ತೋರಿಸಿ, ಈ ಸಾಹೇಬರನ್ನು ನೋಡಿ ಕಲಿಯಮ್ಮ, ಪಥ್ಯ ಅಂದರೆ ಹೀಗೆ ಮಾಡಬೇಕು ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರೋ ಏನೋ.

ಇಲ್ಲಿಯವರೆಗಿನದನ್ನು ಬಾಯಿಚಪಲ ಎಂದು ಯಾರಾದರೂ ಕ್ಷಮಿಸಬಹುದು. ಮೂರನೇ ದಿನದ್ದಕ್ಕೆ ಆ ಮಾತು ಹೊಂದುವುದಿಲ್ಲ. ನಮ್ಮ ಕೆಲಸದಲ್ಲಿ ಮೀಟರಿನ ಮೇಲೆ ಅನುಮಾನ ಬಂದರೆ ಗೊತ್ತಿರುವಷ್ಟು ಲೋಡ್ ಕೊಟ್ಟು, ಅಂದರೆ ಇಷ್ಟೇ ಕರೆಂಟು ಎಳೆಯುತ್ತದೆಂದು ಗೊತ್ತಿರುವ ಬಲ್ಬು ಉರಿಸಿ, ಪರೀಕ್ಷೆ ಮಾಡುತ್ತೇವೆ. ನಾನು ಆವತ್ತು ಮಾಡಿದ್ದು ಅದನ್ನೇ. ತಿನ್ನುವ ಆಸೆ ಇರಲಿಲ್ಲ. ಆದರೂ ಬೆಳಿಗ್ಗೆ ಹನ್ನೊಂದಕ್ಕೆ ಸಿಹಿ ಅಂಗಡಿಗೆ ಹೋಗಿ ಮೂರು ಜಾಮೂನನ್ನು ಪಾಕದ ಸಮೇತ ತಿಂದೆ. ನಾನು ತಿಂದದ್ದು ಅವರ ರಕ್ತಕ್ಕೆ ಏರುತ್ತಿದೆ ಎಂಬುದು ಸುಳ್ಳು ಎಂದು ನನಗೆ ಖಚಿತವಾಗಬೇಕಿತ್ತು. ನನ್ನ ಸಕ್ಕರೆ ಏರಿಬಿಟ್ಟರೆ ನಿಶ್ಚಿಂತೆಯಾಗಿ ಬೈಸಿಕೊಳ್ಳುತ್ತೇನೆ ಎಂದುಕೊಂಡು ಬಂದೆ.

ಮೆಟ್ಟಿಲು ಹತ್ತುವಾಗಲೇ ಗಲಾಟೆ ಕೇಳಿಸಿತು. ಪುಟ್ಟಮಾದಯ್ಯ ಬೆವರಿ ನೆಂದು ನೀರು ನೀರು ಎನ್ನುತ್ತಿದ್ದರು. ತುಟಿಗಳನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು, ಅಂಟಿದ ಏನನ್ನೋ ತೆಗೆಯುವವರ ಹಾಗೆ. ಅವರ ಅಂಕಿ ನಾನೂರ ಇಪ್ಪತ್ತು. ನನ್ನದು ನೂರ ಹದಿನೈದು. ಬೆಳಗಿನಿಂದ ದೇವಮ್ಮನನ್ನು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು, ಒಳಗೆ ಬಿಟ್ಟೇ ಇರಲಿಲ್ಲ. ಹೊರಗಿದ್ದುಕೊಂಡು ಅವರು ತಿನ್ನಿಸಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕಪ್ಪು ಪಾದದವರೆಗೂ ಹರಡಿದೆ ಎಂದು ಮಧ್ಯಾಹ್ನ ಅವರನ್ನು ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅದೇ ಹೊತ್ತಿಗೆ ನನ್ನ ಡಿಸ್‌ಚಾರ್ಜ್ ಚೀಟಿ ಬಂತು. ನನ್ನನ್ನು ಕರೆದೊಯ್ಯಲು ಬಂದಿದ್ದ ಸುಧಾ ಚೀಟಿ ಓದಿ, ಬಸ್ಸಿನಲ್ಲಿ ಓಡಾಡಿದ್ದಕ್ಕೂ ಸಾರ್ಥಕವಾಯಿತು ಎಂದಳು.

ಮನೆಗೆ ಬಂದ ಮೇಲೆ ನನ್ನ ರಕ್ತ ಎಲ್ಲರ ರಕ್ತದಂತೆಯೇ ನಡೆದುಕೊಂಡಿತು. ಒಂದು ಹಿಡಿ ಅನ್ನ ಹೆಚ್ಚಾದರೆ ಸಕ್ಕರೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಆ ಮೂರು ದಿನ ಬಿಟ್ಟು ಮತ್ತೆಂದೂ ಬೇರೆ ಥರ ಆಗಲಿಲ್ಲ.

ಎರಡು ತಿಂಗಳು ತಡೆದು, ಒಂದು ಭಾನುವಾರ ವಿಚಾರಿಸಿಕೊಂಡು ಅವರ ಊರಿಗೆ ಹೋದೆ. ಪುಟ್ಟಮಾದಯ್ಯ ಜಗಲಿಯ ಮೇಲೆ ಕೂತಿದ್ದರು. ಒಂದು ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ನನ್ನ ಗುರುತು ಹಿಡಿದು ಸಂತೋಷಪಟ್ಟರು. ಅಡಿಗೆ ಮಾಡಿ ಬಡಿಸುವುದೆಲ್ಲ ಈಗ ಸೊಸೆ. ಅವ್ವ ಅಪ್ಪನ ತಟ್ಟೆ ಮುಟ್ಟಬಾರದು ಎಂದು ಮಗ ಕಟ್ಟು ಮಾಡಿದ್ದ. ದೇವಮ್ಮ ಹಿತ್ತಲ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ಮಾತಿನ ಮಧ್ಯೆ, ನಿದ್ದೆಗಣ್ಣಲ್ಲಿ ನಾನೇ ಏನಾದರೂ ಕೊಟ್ಟಿದ್ದೆನೋ ಏನೋ ಎಂದು ತಾವೇ ಅಂದರು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ.

ಬಾಳೆಹಣ್ಣು, ದೋಸೆ, ಜಾಮೂನು ಎಲ್ಲವನ್ನೂ ಗಂಡ, ಹೆಂಡತಿ, ಮಗ ಮೂವರ ಮುಂದೆ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅದು ಹುಚ್ಚರ ಮಾತಿನಂತೆ ಕೇಳಿಸಿತು. ಪುಟ್ಟಮಾದಯ್ಯ, ಆಸ್ಪತ್ರೆಯಲ್ಲಿ ಏನೇನೋ ಆಗುತ್ತದೆ ಬಿಡಿ ಎಂದರು. ಶಿವು ಮರ್ಯಾದೆಯಿಂದಲೇ ಹೇಳಿದ. "ಅವ್ವನ ಮಕ ನೋಡಿ ಕತೆ ಕಟ್ತಿದ್ದೀರ ಸಾ. ನೀವು ತಿಂದ್ರೆ ಅಪ್ಪುಂಗೆ ಎಂಗೆ ಏರ್ತದೆ?" ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ದೇವಮ್ಮ ಬಸ್ಸು ನಿಲ್ಲುವ ಜಾಗದವರೆಗೆ ನನ್ನ ಜೊತೆ ಬಂದರು. ಬೇಡ ಎಂದರೂ ಕೇಳಲಿಲ್ಲ. ಬಸ್ಸು ದೂರದ ತಿರುವಿನಲ್ಲಿ ಕಂಡ ಮೇಲೆ ಹೇಳಿದರು.

"ನಾನು ನಂಬ್ತೀನಿ ಸಾ. ನಾನೇನೂ ಕೊಟ್ಟಿರ್ನಿಲ್ಲ, ಅದು ಈಗ ನಂಗೆ ಗೊತ್ತಾಯ್ತು." ಬಸ್ಸಿಗೆ ಕೈ ಅಡ್ಡ ಹಿಡಿದು, "ನನ್ ಚೀಲ ಸುರಿದಾಗ ನೀವು ಅಲ್ಲೇ ಕೂತಿದ್ರಿ," ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬಂತು, ನಾನು ಹತ್ತಿದೆ.

ನನಗೆ ಗೊತ್ತಿರುವ ಇಬ್ಬರು ಡಾಕ್ಟರುಗಳನ್ನು ಕೇಳಿದ್ದೇನೆ. ಸೋಂಕು ಹೆಚ್ಚಾದರೆ ತಿನ್ನದಿದ್ದರೂ ಸಕ್ಕರೆ ಏರುತ್ತದೆ ಎಂದರು. ನನ್ನದು ಇಳಿದದ್ದು ಅಲ್ಲಿ ಚುಚ್ಚಿದ ಇನ್ಸುಲಿನ್‌ನಿಂದ ಎಂದರು. ಇರಬಹುದು. ಆದರೆ ಪುಟ್ಟಮಾದಯ್ಯನವರ ಬಾಯಿಗೆ ಬಾಳೆಹಣ್ಣು, ದೋಸೆ ಬಂದದ್ದು ಹೇಗೆ ಎಂದು ಕೇಳಿದರೆ ಅವರು ಬೇರೆ ಮಾತಿಗೆ ಹೋಗುತ್ತಾರೆ. ಅದು ಏನು ಎಂದು ನನಗೆ ಇವತ್ತಿಗೂ ತಿಳಿಯದು. ಆವತ್ತು ಆ ಚೀಲ ಸುರಿದಾಗ ನಾನು ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಯಾವ ಡಾಕ್ಟರನ್ನು ಕೇಳಬೇಕೋ ಅದೂ ತಿಳಿಯದು.