ಸಾದಿಕ್‌ನ ಕ್ಯಾಮೆರಾ ನೋಡಲು ಮೊಳಕಾಲ್ಮೂರಿಗೆ

ಚಳ್ಳಕೆರೆಯಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದೆ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಮೊಳಕಾಲ್ಮೂರು ಐವತ್ತು ಕಿಲೋಮೀಟರಿನ ಆಸುಪಾಸು, ಟಿಕೆಟ್ಟು ಇಪ್ಪತ್ತು ರೂಪಾಯಿ. ಇಷ್ಟು ಹತ್ತಿರದ ಊರಿಗೆ ಹೋಗಲು ಎರಡು ತಿಂಗಳಿಂದ ನನಗೆ ಮನಸ್ಸೇ ಬಂದಿರಲಿಲ್ಲ. ನಿಜ ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚು. ನಾನು ಚಳ್ಳಕೆರೆಯಲ್ಲಿ ಹದಿನಾಲ್ಕು ವರ್ಷದಿಂದ ಆಪರೇಷನ್ ಮಾಡುವ ಡಾಕ್ಟರು. ನನ್ನ ಜೊತೆಗೇ ಓದಿದ ಸಾದಿಕ್ ಮೊಳಕಾಲ್ಮೂರಿನ ತನ್ನ ಸಣ್ಣ ನರ್ಸಿಂಗ್ ಹೋಮಿಗೆ ವೈರ್‌ಲೆಸ್ ಕ್ಯಾಮೆರಾ ತರಿಸಿದ್ದ. ಎದೆಗೆ ಮೂರು ತೂತು ಮಾಡಿ, ಒಂದರಲ್ಲಿ ಕ್ಯಾಮೆರಾದ ಕೊಳವೆ ಇಳಿಸಿ, ಟಿ.ವಿ. ನೋಡಿಕೊಂಡೇ ಆಪರೇಷನ್ ಮಾಡುತ್ತಾನೆಂದು ಊರೆಲ್ಲ ಸುದ್ದಿ.

ಅದೂ ಹೋಗಲಿ, ನನ್ನ ಪೇಷೆಂಟೂ ಅವನ ಪಾಲಾದ. ಗೌರಸಮುದ್ರದ ಕಡೆಯ ಹಟ್ಟಿಯ ಕುರಿಗಾಹಿ ಚಿತ್ತಯ್ಯನ ಎದೆಯಲ್ಲಿ ಕೀವು ಕಟ್ಟಿತ್ತು. ಪಕ್ಕೆಯಲ್ಲಿ ಒಂದು ಗೇಣು ಕೊಯ್ಯಬೇಕು ಎಂದಿದ್ದೆ. "ಅಷ್ಟು ಕೊಯ್ದ್ರೆ ಮರಿ ಹೆಗಲ ಮ್ಯಾಲೆ ಹೊರಾಕಾಗ್ತೈತೇನ್ ಸಾರ್?" ಎಂದು ಕೇಳಿ ಎದ್ದವನು ಸೀದಾ ಸಾದಿಕ್‌ನ ಹತ್ತಿರ ಹೋಗಿದ್ದ. ಸಾದಿಕ್ ಫೋನ್ ಮಾಡಿ, "ನಿನ್ ಪೇಷೆಂಟು ಕಣಲೇ, ನೀನೂ ಬಾ. ಎದೆ ಬಿಚ್ಚೋ ಹಂಗಾದ್ರೆ ನೀನೇ ಬೇಕು" ಅಂದ. ಬಿಚ್ಚೋ ಹಂಗಾದ್ರೆ ಅಂತೆ! ನನಗೆ ಮೈಯೆಲ್ಲ ಉರಿಯಿತು.

ಬಿ.ಜಿ. ಕೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಗಾಳಿಗೆ ಅರ್ಧ ಮಂಡಕ್ಕಿ ಹಾರಿಹೋಯಿತು. ಪಕ್ಕದ ಸೀಟಿನ ಅಜ್ಜಿ ನಾನು ಡಾಕ್ಟರೆಂದು ತಿಳಿದದ್ದೇ, "ಟೀವೀಲಿ ಎದೆ ನೋಡೋ ಡಾಕ್ಟ್ರು ನೀವೇನ್ರಿ?" ಎಂದಳು. ಅಲ್ಲ ಎಂದೆ. "ಓ, ಅಲ್ವಾ" ಎಂದು ಕಿಟಕಿಯ ಕಡೆ ತಿರುಗಿದಳು.

ಸಾದಿಕ್‌ನ ಆಪರೇಷನ್ ಥಿಯೇಟರು ನಮ್ಮನೆಯ ಅಡುಗೆಮನೆಯಷ್ಟಿತ್ತು. ಕ್ಯಾಮೆರಾಕ್ಕೆ ಎಳೆದಾಡುವ ಕೇಬಲ್ಲಿಲ್ಲ. ಮೂಲೆಯಲ್ಲಿದ್ದ ಡಬ್ಬಿಯೊಂದು ಸಿಗ್ನಲ್ ಹಿಡಿದು ಟಿ.ವಿ.ಗೆ ಕೊಡುತ್ತಿತ್ತು. ಚಿತ್ತಯ್ಯನ ಶ್ವಾಸಕೋಶ ಪರದೆಯ ಮೇಲೆ ಬಂತು. ಇಷ್ಟು ವರ್ಷ ನಾನು ಬೆರಳಿನಲ್ಲಿ ತಡಕಿದ ಸಂದುಗಳನ್ನು ಇವನು ಕಣ್ಣಾರೆ ನೋಡುತ್ತಿದ್ದ. ಹತ್ತಿರದಿಂದ ನೋಡೋಣವೆಂದು ಒಂದು ಹೆಜ್ಜೆ ಮುಂದೆ ಬಂದೆ. ಚಿತ್ರ ಹೋಗಿ ಪರದೆಯ ತುಂಬ ಚುಕ್ಕಿ.

"ಲೇ ತಿಪ್ಪೇಶಿ, ಡಬ್ಬಿಗೆ ಅಡ್ಡ ನಿಂತಿದೀಯ. ಮೈ ಅಡ್ಡ ಬಂದ್ರೆ ಸಿಗ್ನಲ್ ಹೋಗ್ತೈತೆ, ಆ ಕಡೆ ಸರಿ" ಅಂದ ಸಾದಿಕ್. ಸರಿದೆ, ಚಿತ್ರ ಬಂತು.

ಅರ್ಧ ಗಂಟೆಯಾದ ಮೇಲೆ, ಕೀವಿನ ಪೊರೆ ಬಿಡಿಸುವಾಗ ರಕ್ತ ಜಿನುಗಿತು. ನಾನು ಮತ್ತೆ ಮುಂದೆ ಬಂದೆ, ಚಿತ್ರ ಹೋಯಿತು. ಈ ಸಲ ಯಾರೂ ಹೇಳಬೇಕಾಗಿರಲಿಲ್ಲ, ನನಗೆ ಗೊತ್ತಿತ್ತು. ಆದರೂ ಕದಲದೆ ನಿಂತೆ. ಚಿತ್ರ ಬಾರದಿದ್ದರೆ ಅವನು ಎದೆ ಬಿಚ್ಚಲೇಬೇಕು, ಚಾಕು ನನ್ನ ಕೈಗೇ ಕೊಡಬೇಕು. ಸಾದಿಕ್ ಕೈ ಅಲ್ಲಾಡಿಸದೆ ಪರದೆಯನ್ನೇ ನೋಡುತ್ತಿದ್ದ. ಸಿಸ್ಟರ್ ಪಕ್ಕೆಲುಬು ಅಗಲಿಸುವ ಸಲಕರಣೆಯ ಟ್ರೇ ಹತ್ತಿರ ತಂದರು. ಅದನ್ನು ಕಂಡು ನಾನು ಬೆವೆತೆ. ನನ್ನ ಹೊಟ್ಟೆಕಿಚ್ಚಿಗೆ ಆ ಬಡಪಾಯಿಯ ಪಕ್ಕೆ ಸೀಳಿಸುತ್ತಿದ್ದೆ! ಥೂ ನನ್ನ ಜನ್ಮಕ್ಕೆ ಎಂದುಕೊಂಡು ಗೋಡೆಗೆ ಸರಿದೆ. ಚಿತ್ರ ಬಂತು. ಸಾದಿಕ್ ಒಮ್ಮೆ ತಲೆಯೆತ್ತಿ ನಾನು ಸರಿದದ್ದನ್ನು ನೋಡಿ ಕೆಲಸ ಮುಂದುವರಿಸಿದ, ರಕ್ತ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಚಿತ್ತಯ್ಯ ಕಣ್ಣು ಬಿಟ್ಟು ನೀರು ಕೇಳಿದ.

ಸಂಜೆ ನಾಲ್ಕಕ್ಕೆ ಸಾದಿಕ್ ಬಸ್ ಸ್ಟ್ಯಾಂಡಿನ ತನಕ ಬಂದ. ಚಹಾ ಕುಡಿಯುತ್ತ, "ಮೊದಲ್ನೇ ಸಲ ಗೊತ್ತಿಲ್ದೆ ನಿಂತೆ. ಎರಡ್ನೇ ಸಲ ಯಾಕಲೇ ನಿಂತೆ?" ಎಂದು ಮೆಲ್ಲಗೆ ಕೇಳಿದ. ನಾನು ಚಹಾದ ದುಡ್ಡು ಕೊಡಲು ಜೇಬಿಗೆ ಕೈ ಹಾಕಿದೆ. ಅವನೇ ಮತ್ತೆ, "ಗುರುವಾರ ಇನ್ನೊಂದು ಕೇಸೈತೆ, ಬಾ. ಕ್ಯಾಮೆರಾ ನೀನೇ ಹಿಡ್ಕ" ಅಂದ.

ಬಸ್ಸು ಹೊರಟಾಗ ತಿರುಗಿ ನೋಡಿದೆ. ಇನ್ನೂ ಅಲ್ಲೇ ನಿಂತು ಕೈ ಬೀಸುತ್ತಿದ್ದ. ಆ ದೊಡ್ಡ ಮನಸ್ಸೂ ಅವನಿಗೇ ಇರಬೇಕಿತ್ತೇ ಎಂದು ದಾರಿಯಲ್ಲಿನ ಹಾನಗಲ್ ದಾಟುವ ತನಕ ಹೊಟ್ಟೆ ಉರಿಯಿತು.