ಬಕ್ಕಪ್ಪನ ಸೌಟು, ನಾನು ಕೊಯ್ದ ಹಗ್ಗ

ಬಕ್ಕಪ್ಪನನ್ನು ಮೊದಲ ಸಲ ಕಂಡಾಗ, ಮನೆಯವರು ಆತನನ್ನು ಕಟ್ಟಿಹಾಕಿದ್ದಾರೆ ಅಂದುಕೊಂಡೆ. ಅಂದುಕೊಂಡು ಸುಮ್ಮನೆ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ನಾನು ಉಮರ್ಗಾದಲ್ಲಿ ಪಾರ್ಸಲ್ ಹಂಚುವವ. ಓದಿದ್ದು ಬಿ.ಎ., ಉಪಯೋಗಕ್ಕೆ ಬಂದಿದ್ದು ಬೈಕಿನ ಲೈಸೆನ್ಸು. ದಸರೆ ಮುಗಿದ ವಾರ ಮುರುಮದಾಚೆಯ ಒಂದು ಹಳ್ಳಿಗೆ, ಶಿವಕಾಂತಾ ಎಂಬವರ ಹೆಸರಿನ ಪೆಟ್ಟಿಗೆ ತಂದಿದ್ದೆ. ಮನೆ ಮುಂದಿನ ಬೇವಿನ ಕೆಳಗೆ ಅರವತ್ತರ ಮುದುಕ ಕೂತಿದ್ದ. ಬಲಗಾಲಿಗೆ ಹಗ್ಗದ ಕುಣಿಕೆ, ಹಗ್ಗದ ಇನ್ನೊಂದು ತುದಿ ನೆಲದ ಗೂಟಕ್ಕೆ. ಕೈಯಲ್ಲಿ ಕೊಂಕು ಚಾಕು. ಬಾಯಲ್ಲಿ ಬೈಗುಳ, ಅದೂ ಎದುರಿನ ಕಟ್ಟಿಗೆಗೆ. ತಲೆ ಕೆಟ್ಟಿತೆಂದು ಆಡಿನ ಹಾಗೆ ಗೂಟಕ್ಕೆ ಬಿಗಿದಿದ್ದಾರೆ, ಈ ಕಾಲದಲ್ಲೂ! ನನ್ನೊಳಗಿನ ಸಮಾಜಸೇವಕ ಎದ್ದು ನಿಂತ. ಪೆಟ್ಟಿಗೆಯ ಟೇಪು ಕೊಯ್ಯುವ ಬ್ಲೇಡು ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಹಿಂದಿನಿಂದ ಹೋಗಿ, “ಹೆದರಬ್ಯಾಡ್ರಿ ಕಾಕಾ,” ಅಂದವನೇ ಹಗ್ಗ ಕೊಯ್ದೆ.

ಕಟ್ಟಿಗೆ ಚಿಮ್ಮಿತು. ಚಾಕು ಜಾರಿತು. ಮುದುಕ ಅಂಗಾತ ಬಿದ್ದ.

“ಯಾವನೋ ನೀ? ತಲಿಗಿಲಿ ಕೆಟ್ಟದೇನು?”

ಹುಚ್ಚ ಯಾರು ಎಂಬ ಬಗ್ಗೆ ಆ ಅಂಗಳದಲ್ಲಿ ಆಮೇಲೆ ಎರಡು ಮಾತಿರಲಿಲ್ಲ.

ಹಗ್ಗ ಬಕ್ಕಪ್ಪನ ಮೂರನೆಯ ಕೈ. ದಿಮ್ಮಿಯ ಮೇಲಿಟ್ಟ ಕಟ್ಟಿಗೆಗೆ ಅಡ್ಡ ಹಗ್ಗ ಹಾಯಿಸಿ ಕಾಲು ಚಾಚಿದರೆ ಕಟ್ಟಿಗೆ ಮಿಸುಕುವುದಿಲ್ಲ. ಕಾಲು ಮಡಚಿದರೆ ಬೇಕಾದ ಕಡೆ ಹೊರಳುತ್ತದೆ. ಹಾಗೆ ಹಿಡಿದು ಆತ ಸೌಟು ಕೆತ್ತುತ್ತಿದ್ದ. ಬಾಚಿಯಿಂದ ಮೈ ಇಳಿಸಿಯಾಗಿತ್ತು, ಕೊಂಕು ಚಾಕುವಿನಿಂದ ಬಟ್ಟಲು ತೋಡುವಾಗ ನಾನು ಬಂದೆ.

ಹೆಂಡತಿ ಶಿವಕಾಂತಾ ನಗುತ್ತ ಹೊರಬಂದು ಪೆಟ್ಟಿಗೆ ಒಡೆದರು. ಒಳಗೆ ಆರು ಸ್ಟೀಲ್ ಸೌಟು.

“ಅಡಗಿಗಿ ಇವೇ ಬರೋಬರಿ. ಇವ್ರು ಕೆತ್ತೂದು ಬೀರಪ್ಪಗ ಅಷ್ಟೇ,” ಅಂದರು.

ಚಹಾ ಕುಡಿಯುತ್ತ ಕಥೆ ತಿಳಿಯಿತು. ಕಾರ್ತಿಕದಲ್ಲಿ ಕುರಿಗಾರರ ದೇವರು ಬೀರಪ್ಪನ ಮುಂದೆ ಕುರಿಹಾಲು ಉಕ್ಕಿಸುತ್ತಾರೆ. ಅದನ್ನು ತಿರುವುವ ಸೌಟನ್ನು ಪ್ರತಿವರ್ಷ ಹಸಿ ಟೊಂಗೆಯಿಂದ ಹೊಸದಾಗಿ ಕೆತ್ತಬೇಕು. ಟೊಂಗೆ ಕಡಿದ ದಿನದಿಂದ ಹಾಲು ಉಕ್ಕುವ ತನಕ ಕೆತ್ತುವವ ಊರಿನ ಸೀಮೆ ದಾಟುವಂತಿಲ್ಲ. ಮನೆಯ ಕುರಿಹಿಂಡು ಮೇವಿಗೆ ಊರು ಬಿಡುವುದೂ ಅದೇ ದಿನಗಳಲ್ಲಿ. ಹಿಂಡಿನ ಜೊತೆ ಅಣ್ಣತಮ್ಮರಲ್ಲಿ ಒಬ್ಬ ಹೋದರೆ ಹೊಲಕ್ಕೆ ಇನ್ನೊಬ್ಬ ಉಳಿಯಬೇಕು. ಹೀಗಾಗಿ ಇಪ್ಪತ್ತಾರು ವರ್ಷದಿಂದ ತಮ್ಮ ಜ್ಞಾನೇಶ್ವರ ಕುರಿ ಹೊಡೆದುಕೊಂಡು ನಿಲಂಗಾ, ದೇವಣಿ, ಉದಗೀರ ಅಂತ ತಿರುಗುತ್ತಾನೆ. ಅಣ್ಣ ಬೇವಿನ ಕೆಳಗೆ ಕೂಡುತ್ತಾನೆ. ಈಗೀಗ ತಮ್ಮ ವಿಡಿಯೊ ಕಾಲ್ ಮಾಡಿ ಕುರಿ ತೋರಿಸುತ್ತಾನೆ.

“ಮೊಬೈಲದಾಗ ಕೂಗತೀನಿ, ಒಂದರೇ ಹೊಳ್ಳಿ ನೋಡಂಗಿಲ್ಲ,” ಅಂದ ಬಕ್ಕಪ್ಪ. “ಅವಕ್ಕ ನಾ ಯಾರು?”

ಬಿಡುಗಡೆಗೆ ಒಂದೇ ದಾರಿ. ಕುದಿಯುವ ಹಾಲಿನಲ್ಲಿ ಸೌಟು ಸೀಳಿದರೆ ಈ ಕೆಲಸ ಮುಂದಿನ ಮನೆಗೆ ಹೋಗುತ್ತದೆ. ಮುಂದಿನ ಮನೆ ಸಿದ್ಧಾರೂಢನದು. ಅವನಂತೂ ಕೈ ಕುದುರಲಿ ಎಂದು ಸೌಟು ಕೆತ್ತಿ ಕೆತ್ತಿ ಊರಿಗೆಲ್ಲ ಹಂಚುತ್ತಿದ್ದಾನೆ. ಆದರೆ ಬಕ್ಕಪ್ಪನ ಸೌಟು ಇಪ್ಪತ್ತಾರು ಸಲವೂ ಸೀಳಿಲ್ಲ.

ಈ ಸಲದ್ದನ್ನು ಬಕ್ಕಪ್ಪ ಬಿಸಿಲಿಗೆ ಹಿಡಿದು ನೋಡಿದ. ಚಾಕು ಜಾರಿದಲ್ಲಿ, ಬಟ್ಟಲಿನ ಅಂಚಿನಿಂದ ಕುತ್ತಿಗೆಯವರೆಗೆ ಕೂದಲಿನಷ್ಟು ಗೆರೆ.

“ಹಂಗೇ ಬಿಡ್ರಿ,” ಶಿವಕಾಂತಾ ದನಿ ತಗ್ಗಿಸಿದರು. “ನೀವೇನು ಬೇಕಂತ ಮಾಡೀರೇನು? ಈ ಪೋರಗ ದೇವರೇ ಕಳಿಸ್ಯಾನ.”

ಇಷ್ಟು ವರ್ಷ ಹಂಚಿದ ಪಾರ್ಸಲ್‌ಗಳಲ್ಲಿ ನಾನೇ ಒಂದು ಪಾರ್ಸಲ್ ಆಗಿದ್ದು ಅದೇ ಮೊದಲು. ಎದೆ ಸ್ವಲ್ಪ ಉಬ್ಬಿತು, ಸುಳ್ಳು ಹೇಳುವುದಿಲ್ಲ.

ಬಕ್ಕಪ್ಪ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಎದ್ದು, ಗೋಡೆಗೆ ತೂಗುಹಾಕಿದ್ದ ದಪ್ಪ ಚಪ್ಪಲಿ ಇಳಿಸಿದ. ಹಿಂಡಿನ ಹಿಂದೆ ನಡೆಯಲೆಂದು ಎಂದೋ ಹೊಲಿಸಿದ್ದು. ವರ್ಷವರ್ಷ ಎಣ್ಣೆ ಕುಡಿದು ಹೊಸದಾಗಿಯೇ ಉಳಿದಿತ್ತು. ಮೆಟ್ಟಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದ.

“ಬರೂ ದಸರಾಕ್ಕ ಉದಗೀರ ಕಡಿ ನಾನೇ ಹೋಗತೀನಿ,” ಅಂದ.

ಕಾರ್ತಿಕದ ಆ ದಿನ ಅರ್ಧ ದಿನ ರಜೆ ಹಾಕಿ ಹೋದೆ. ನಾನು ಮಾಡಿದ ಉಪಕಾರವನ್ನು ನಾನೇ ನೋಡದಿದ್ದರೆ ಹೇಗೆ? ಹಾಲು ಕುದಿಯುತ್ತಿತ್ತು. ಸಿದ್ಧಾರೂಢ ಹೊಸ ರುಮಾಲು ಸುತ್ತಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಬಕ್ಕಪ್ಪ ಸೌಟು ಇಳಿಸಿ ತಿರುವಿದ. ಇನ್ನೇನು ಸೀಳುತ್ತದೆ ಎಂದು ನಾನು ಕತ್ತು ಚಾಚಿದೆ. ಹಾಲು ಉಕ್ಕಿ ಒಲೆಗೆ ಬಿತ್ತು, ಜನ ಅರಿಸಿನದ ಭಂಡಾರ ತೂರಿದರು, ಸೌಟು ಮೇಲೆ ಬಂತು. ಕುಸುಬಿ ಎಣ್ಣೆ ಕುಡಿದ ಬಟ್ಟಲು ಮಿರಮಿರ ಮಿಂಚುತ್ತಿತ್ತು. ಗೆರೆ ಎಲ್ಲೂ ಇಲ್ಲ. ಸಿದ್ಧಾರೂಢ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

“ನೀ ಹೋದ ಮರುದಿನಾನೇ ಇವ್ರು ಬ್ಯಾರೇ ಟೊಂಗಿ ಕಡದ್ರು,” ಶಿವಕಾಂತಾ ನನಗೆ ಹೇಳಿದರು, ಗಂಡನಿಗೆ ಕೇಳುವಷ್ಟು ಜೋರಾಗಿ. “ನೀ ಕೆಡಿಸಿದ್ದು ಒಲಿಗಿ ಹೋಯ್ತು.”

ಅವರ ಮನೆಗೆ ಬಂದಾಗ ಚಪ್ಪಲಿ ಮತ್ತೆ ಗೋಡೆಯ ಮೇಲಿತ್ತು. ಬಕ್ಕಪ್ಪ ಅದಕ್ಕೆ ಎಣ್ಣೆ ಹಚ್ಚುತ್ತಿದ್ದ, ಇಳಿಸದೆಯೇ. ಕೇಳಬಾರದಿತ್ತು, ಆದರೆ ಹಗ್ಗ ಕೊಯ್ಯುವ ಕೈಯಂತೆಯೇ ನನ್ನ ಬಾಯಿ.

“ಕಾಕಾ, ಆ ಒಡಕಿಂದೇ ಹಾಕಿದ್ರ ಇವತ್ತ ಪಾರಾಗತಿದ್ರಿ. ಹೊಸಾದು ಯಾಕ ಕೆತ್ತಿದ್ರಿ?”

ಆತ ತಿರುಗಿಯೂ ನೋಡಲಿಲ್ಲ.

“ಮುಂದಿನ ವರ್ಷ ಸಿದ್ಧಾರೂಢ ಕೆತ್ತತಿದ್ದ. ಅಂವನ ಸವಟ ನೋಡೀಯೇನು? ಸಲಿಕಿ ಇದ್ಹಂಗ ಇರತಾವ.”